‘ಬೇಡದ ಗರ್ಭ’ ಎಂದರೆ ಯಾವುದು?

ಗರ್ಭಪಾತದ ಚರ್ಚೆಯಲ್ಲಿ ಎರಡೂ ಪಕ್ಷದವರು ಧಾರಾಳವಾಗಿ ಬಳಸುವ, ಆದರೆ ಬಿಡಿಸಿ ನೋಡುವ ಗೋಜಿಗೆ ಹೋಗದ ಮಾತೊಂದಿದೆ: ‘ಬೇಡದ ಗರ್ಭ’. ಈ ವಿಡಿಯೋದಲ್ಲಿ ಆ ಮಾತನ್ನಷ್ಟೇ ಪರಿಶೀಲಿಸೋಣ.

[ಪರದೆಯಲ್ಲಿ: ಸಮೀಕ್ಷೆಯ ಪ್ರಶ್ನೆ, ಮೂರು ಉತ್ತರಗಳು]

ಹಲವು ದೇಶಗಳಲ್ಲಿ ಮನೆಮನೆಗೆ ತೆರಳಿ ನಡೆಸುವ ಆರೋಗ್ಯ ಸಮೀಕ್ಷೆಗಳು ಮಹಿಳೆಯರಿಗೆ ಕೇಳುವುದು ಇಷ್ಟು: ನೀವು ಗರ್ಭಿಣಿಯಾದಾಗ ಮಗು ಆಗಲೇ ಬೇಕಿತ್ತೇ, ಕೆಲಕಾಲ ಕಳೆದ ಮೇಲೆ ಬೇಕಿತ್ತೇ, ಅಥವಾ ಬೇಡವೇ ಆಗಿತ್ತೇ? ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೂರನೆಯ ಉತ್ತರ ಕೊಡಲು ಯಾವ ತಾಯಿಗೂ ನಾಲಿಗೆ ಏಳುವುದು ಕಷ್ಟ. ಎರಡನೆಯ ಉತ್ತರ ಕೊಟ್ಟವರನ್ನೂ ಸಂಶೋಧಕರು ‘ಉದ್ದೇಶಿಸದ ಗರ್ಭ’ದ ಲೆಕ್ಕಕ್ಕೇ ಸೇರಿಸುತ್ತಾರೆ. 2015ರಿಂದ 2019ರವರೆಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12.1 ಕೋಟಿ ಇಂಥ ಗರ್ಭಧಾರಣೆಗಳಾದವು, ಅವುಗಳಲ್ಲಿ ಶೇ 61ರಷ್ಟು ಗರ್ಭಪಾತದಲ್ಲಿ ಕೊನೆಗೊಂಡವು ಎಂಬ ಅಂದಾಜಿನಲ್ಲಿ ‘ಈಗ ಬೇಡ’ ಮತ್ತು ‘ಎಂದೂ ಬೇಡ’ ಎರಡೂ ಬೆರೆತಿವೆ.

ಮನಸ್ಸು ಬೇಕು–ಬೇಡಗಳ ನಡುವೆ ತೂಗಾಡುವುದೂ ಉಂಟು. ಗರ್ಭಧಾರಣೆ ಎಷ್ಟರಮಟ್ಟಿಗೆ ಯೋಜಿತವಾಗಿತ್ತು ಎಂದು ಅಳೆಯಲು 2004ರಲ್ಲಿ ಪ್ರಕಟವಾದ ‘ಲಂಡನ್ ಮಾಪನ’ ಎಂಬ ಪ್ರಶ್ನಾವಳಿಯಲ್ಲಿ ಆರು ಪ್ರಶ್ನೆಗಳಿಗೆ 12 ಅಂಕಗಳಿದ್ದು, 4ರಿಂದ 9 ಅಂಕ ಬಂದವರನ್ನು ಎತ್ತಲೂ ಸೇರಿಸದೆ ‘ದ್ವಂದ್ವ’ದಲ್ಲಿರುವವರೆಂದು ಗುರುತಿಸಲಾಗುತ್ತದೆ. ಹೀಗೆ ನಡುವೆ ಜಾಗ ಬಿಟ್ಟಿರುವುದೇ ಅದರ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ.

ಅಮೆರಿಕದ ಟರ್ನ್‌ಅವೇ ಅಧ್ಯಯನವು, ಅವಧಿ ಮೀರಿತೆಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಲ್ಪಟ್ಟ ಮಹಿಳೆಯರನ್ನು ಐದು ವರ್ಷ ಹಿಂಬಾಲಿಸಿತು. ನಿರಾಕರಣೆಯಾದ ವಾರದ ನಂತರವೂ ‘ಗರ್ಭಪಾತ ಆಗಬೇಕಿತ್ತು’ ಎಂದವರು ಶೇ 65. ಹೆರಿಗೆಯ ನಂತರ ಶೇ 12. ಐದು ವರ್ಷಕ್ಕೆ ಶೇ 4. ‘ನೋಡಿ, ಬೇಡವೆಂದದ್ದು ಬೇಕಾಯಿತು’ ಎನ್ನುತ್ತಾರೆ ವಿರೋಧಿಗಳು. ಆದರೆ ಗರ್ಭಪಾತ ಮಾಡಿಸಿಕೊಂಡವರಿಗೆ ಹೋಲಿಸಿದರೆ ನಿರಾಕರಿಸಲ್ಪಟ್ಟವರು ಹೆಚ್ಚು ಹಣಕಾಸಿನ ಸಂಕಷ್ಟಕ್ಕೆ ಸಿಲುಕಿದ್ದನ್ನೂ ಅದೇ ಅಧ್ಯಯನ ದಾಖಲಿಸಿದೆ. ಹುಟ್ಟಿದ ಮಗುವನ್ನು ಒಪ್ಪಿ ಅಪ್ಪಿಕೊಳ್ಳುವುದು ಬೇರೆ, ಅಂದಿನ ‘ಬೇಡ’ಕ್ಕೆ ಕಾರಣವಿರಲಿಲ್ಲ ಎನ್ನುವುದು ಬೇರೆ.

ಭ್ರೂಣದ ಬೆಲೆ ಬೇರೆಯವರ ಬಯಕೆಯಿಂದ ನಿರ್ಧಾರವಾಗುವುದಿಲ್ಲ ಎಂಬ ವಿರೋಧಿಗಳ ವಾದಕ್ಕೆ ತೂಕವಿದೆ. ‘ಬೇಡದ ಗರ್ಭ’ ಎಂದಷ್ಟೇ ಹೇಳಿ ಅದನ್ನು ತಳ್ಳಿಹಾಕಲಾಗದು. 1971ರಲ್ಲಿ ತತ್ವಶಾಸ್ತ್ರಜ್ಞೆ ಜುಡಿತ್ ಜಾರ್ವಿಸ್ ಥಾಮ್ಸನ್ ಭ್ರೂಣವನ್ನು ವ್ಯಕ್ತಿಯೆಂದೇ ವಾದಕ್ಕಾಗಿ ಒಪ್ಪಿಕೊಂಡು, ಹಾಗಿದ್ದರೂ ಮತ್ತೊಬ್ಬರ ದೇಹವನ್ನು ಬಳಸುವ ಹಕ್ಕು ಅದರಿಂದಲೇ ಬರುತ್ತದೆಯೇ ಎಂದು ಕೇಳಿದ್ದರು. ಆ ಪ್ರಶ್ನೆ ಬಯಕೆಯದಲ್ಲ, ದೇಹದ ಮೇಲಿನ ಅಧಿಕಾರದ್ದು.

[ಪರದೆಯಲ್ಲಿ: ಮತ್ತೆ ಅದೇ ಸಮೀಕ್ಷೆಯ ಪ್ರಶ್ನೆ]

ಇನ್ನು, ವರ್ಷಗಟ್ಟಲೆ ಕಾದು ಪಡೆದ ಗರ್ಭದಲ್ಲಿ ಭ್ರೂಣ ಬದುಕಿ ಉಳಿಯುವಂತಿಲ್ಲವೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿದು ಗರ್ಭಪಾತಕ್ಕೆ ಒಪ್ಪುವ ಹೆಣ್ಣನ್ನು ಈ ಪ್ರಶ್ನೆ ಕೇಳಿದರೆ ಆಕೆಯ ಉತ್ತರ ಮೊದಲನೆಯದೇ: ಆಗಲೇ ಬೇಕಿತ್ತು.