ಟಿಳಕವಾಡಿ ಸೆಕೆಂಡ್ ಗೇಟ್‌ನಲ್ಲಿ ಎಂಜಿನ್ ಜಗಳ | ಬೆಳಗಾವಿ ವ್ಲಾಗ್

ಇದು ಟಿಳಕವಾಡಿ ಸೆಕೆಂಡ್ ಗೇಟ್, ರೈಲ್ವೆ ಗೇಟ್. ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಇಲ್ಲಿ ನಿಂತು ಅರ್ಧ ಆಯುಷ್ಯ ಕಳೆದಿರುತ್ತೀರಿ. ಗೇಟ್ ಬಿದ್ದರೆ ಊರೆಲ್ಲ ಬೈಯುತ್ತದೆ, ನಾವು ಮೂವರು ಮಾತ್ರ ಯಾವಾಗ ಬೀಳುತ್ತದೋ ಅಂತ ಕಾಯುತ್ತಿದ್ದೇವೆ.

ಕ್ಯಾಪ್ ಹಾಕಿಕೊಂಡವನು ನನ್ನ ಗೆಳೆಯ. ಸ್ವೆಟರ್ ಹಾಕಿಕೊಂಡವರು ಅವನ ಕಾಕಾ. ಟೇಲರ್ ಅಂಗಡಿ ಇದೆ, ರೈಲಿನ ಹುಚ್ಚು ನಮಗಿಂತ ಜಾಸ್ತಿ. ಇವತ್ತಿನ ಜಗಳ ಯಾವ ಎಂಜಿನ್ ಚೆಂದ, ಯಾವುದು ನೋಡೋಕೇ ಆಗಲ್ಲ ಅನ್ನೋದು.

ಬಂತು ನೋಡಿ. ಡಬ್ಲ್ಯುಎಪಿ-7, ಕರೆಂಟ್ ಎಂಜಿನ್. 6,000ಕ್ಕೂ ಮೇಲೆ ಹಾರ್ಸ್‌ಪವರ್, 24 ಬೋಗಿ ಎಳೆಯುತ್ತದೆ, ಎಲ್ಲ ಒಪ್ಪಿದೆ. ಮುಖ ನೋಡಿ ಮುಖ. ಬರೀ ಚೌಕ. ಸ್ಕೇಲ್ ಇಟ್ಟು ಗೆರೆ ಎಳೆದು ಊಟಕ್ಕೆ ಎದ್ದು ಹೋಗಿದ್ದಾರೆ. ಇದರ ಮೈ ಅಸಲಿಗೆ ಗೂಡ್ಸ್ ಎಂಜಿನ್ ಡಬ್ಲ್ಯುಎಜಿ-9ದು. ಗೇರ್ ಅನುಪಾತ ಬದಲಿಸಿ, ವೇಗ ಜಾಸ್ತಿ ಮಾಡಿ, ಪ್ಯಾಸೆಂಜರ್ ಗಾಡಿಗೆ ತಂದರು. ಗೂಡ್ಸ್‌ಗೆ ಹಸಿರು ಬಣ್ಣ, ಇದಕ್ಕೆ ಬಿಳಿ ಮೇಲೆ ಕೆಂಪು ಪಟ್ಟಿ.

ಕಾಕಾ ಹೇಳಿದ್ದು ಕೇಳಿಸ್ತಾ? "ಹಸರಾಗ ಚಲೋ ಕಾಣ್ತೈತಿ. ಬಿಳಿ ಹಾಕಿದ್ರ ಹೊಲಸು ಎದ್ದು ಕಾಣ್ತೈತ್ ನೋಡ್ ತಮ್ಮಾ." ನಿಜ. ಝೂಮ್ ಮಾಡಿದ್ದೇನೆ ನೋಡಿ, ವೈಪರ್ ಕೆಳಗೆ ಮಸಿ ನೀರು ಇಳಿದ ಗೆರೆಗಳು, ಚಕ್ರದ ಮೇಲೆಲ್ಲ ಬ್ರೇಕಿನ ಕಂದು ಪುಡಿ. ಅದೇ ಮೈ ಹಸಿರಿನಲ್ಲಿ ಬಂದರೆ ನಾನೂ ಸುಮ್ನೆ ನೋಡುತ್ತಾ ನಿಲ್ಲುತ್ತೇನೆ. ಅಂದರೆ ಡಿಸೈನಿಗೆ ಬೈಯಬೇಕಾ, ಪೇಂಟಿಗಾ? ಸದ್ಯಕ್ಕೆ ಇಬ್ಬರಿಗೂ.

ಬಿಳಿ ಅಂದ ಕೂಡಲೇ ಯಾರೋ ವಂದೇ ಭಾರತ್ ಅಂತ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಅದು ಈ ಸ್ಪರ್ಧೆಯಲ್ಲೇ ಇಲ್ಲ. ಅದಕ್ಕೆ ಬೇರೆ ಎಂಜಿನ್ನೇ ಇಲ್ಲವಲ್ಲ, ಮೋಟಾರುಗಳು ಬೋಗಿಗಳ ಕೆಳಗೇ ಇರುತ್ತವೆ. ಮೂಗು ಚೂಪಾಗಿದೆ, ಸಂತೋಷ. ಮುಂದಕ್ಕೆ ಹೋಗೋಣ.

ಗೆಳೆಯನದು ಒಂದೇ ಹಠ, ಆಲ್ಕೋ. ಅಮೆರಿಕದ ಕಂಪನಿ ಅದು, ಅದರ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2. 1962ರಲ್ಲಿ ಅಮೆರಿಕದಿಂದ ಬಂತು, ಆಮೇಲೆ ವಾರಾಣಸಿಯಲ್ಲಿ ದಶಕಗಟ್ಟಲೆ ಕಟ್ಟಿದರು. ಉದ್ದನೆ ಮೂತಿ, ಪಕ್ಕದಲ್ಲಿ ಓಡಾಡೋಕೆ ಕಟ್ಟೆ, ಆ ಕಟ್ಟೆಗೆ ಕಂಬಿ. ಚೆಂದ ಏನಿದೆ ಇದರಲ್ಲಿ ಅಂದರೆ ಹೊಗೆ ತೋರಿಸುತ್ತಾನೆ! ಚಾಲಕರು ಥ್ರಾಟಲ್ ಏರಿಸಿದಾಗ ಡೀಸೆಲ್ ತಕ್ಷಣ ಒಳಗೆ ಹೋಗುತ್ತದೆ. ಟರ್ಬೋ, ಅಂದರೆ ಎಕ್ಸಾಸ್ಟ್ ರಭಸಕ್ಕೆ ತಿರುಗೋ ಫ್ಯಾನ್, ವೇಗ ಹಿಡಿದು ಗಾಳಿ ತುಂಬೋದು ಸ್ವಲ್ಪ ತಡ. ಅಷ್ಟು ಹೊತ್ತು ಕಪ್ಪು ಹೊಗೆ. ಹುಬ್ಬಳ್ಳಿ ಶೆಡ್‌ನ ಇಎಂಡಿ ಎಂಜಿನ್‌ಗಳಲ್ಲಿ, ಅದು ಇನ್ನೊಂದು ಅಮೆರಿಕನ್ ಕಂಪನಿಯ ಡೀಸೆಲ್, ಹಾಗಿಲ್ಲ. ಎಕ್ಸಾಸ್ಟ್ ಜೋರಾಗುವವರೆಗೆ ಟರ್ಬೋವನ್ನು ಎಂಜಿನ್ನೇ ಗೇರ್ ಮೂಲಕ ತಿರುಗಿಸುತ್ತದೆ, ಹೊಗೆ ಕಮ್ಮಿ. "ನೀ ಪ್ರೀತಿಸ್ತಿರೋದು ಹೊಗೆ ಮಾರಾಯಾ, ಎಂಜಿನ್ ಅಲ್ಲ" ಅಂದೆ. ಅದಕ್ಕೆ ಮುಖ ಆ ಕಡೆ ತಿರುಗಿಸಿಕೊಂಡಿದ್ದಾನೆ, ಕಾಣುತ್ತಿದೆಯಲ್ಲ.

ಈಗ ನನ್ನ ಸಂಕಟ ಕೇಳಿ. ನನ್ನ ಓಟು ಅದೇ ಇಎಂಡಿ ಜಾತಿಯ ಡಬ್ಲ್ಯುಡಿಪಿ-4ಕ್ಕೆ, ಒಂದೇ ಕ್ಯಾಬ್, ಅಂದರೆ ಚಾಲಕರ ಕೋಣೆ, ಇರೋದಕ್ಕೆ. ಅದನ್ನ ತೋರಿಸಲೆಂದೇ ಚಳಿಯಲ್ಲಿ ಬಂದು ನಿಂತಿದ್ದು. ದೂರದಲ್ಲಿ ಹೆಡ್‌ಲೈಟ್ ಕಂಡಿತು, ಡೀಸೆಲ್ ಸದ್ದು, ಅದೂ ಕ್ಯಾಬ್ ಮುಂದೆ ಮಾಡಿಕೊಂಡೇ ಬರುತ್ತಿದೆ. ಟ್ರೈಪಾಡ್ ಸರಿ ಮಾಡಿದೆ, ಫೋಕಸ್ ಹಿಡಿದೆ. ಅಷ್ಟರಲ್ಲಿ ನಮ್ಮ ಹತ್ತಿರದ ಹಳಿ ಮೇಲೆ ದೇಸೂರು ಕಡೆಯಿಂದ ಒಂದು ಗೂಡ್ಸ್. ಟ್ಯಾಂಕರ್ ವ್ಯಾಗನ್, ಅದರ ಹಿಂದೆ ಟ್ಯಾಂಕರ್ ವ್ಯಾಗನ್, ಮತ್ತೆ ಟ್ಯಾಂಕರ್ ವ್ಯಾಗನ್. ಅದೂ ನಡಿಗೆ ವೇಗ. ಟ್ಯಾಂಕರ್‌ಗಳ ಸಂದಿಯಲ್ಲಿ ಒಂದು ಕ್ಷಣ ಕಿಟಕಿ, ಒಂದು ಕ್ಷಣ ಬಣ್ಣ, ಅಷ್ಟೇ. ಡಬಲ್ ಲೈನ್ ಬೇಕು, ಬೇಕು ಅಂತ ಕೂಗಿದವರಲ್ಲಿ ನಾನೂ ಒಬ್ಬ. ಈಗ ಬೇಡ ಅನಿಸುತ್ತಿದೆ. ಊರಿಗೆ ಬೇಕು ಬಿಡಿ, ಎದುರಿನ ಗಾಡಿ ದಾಟಲಿ ಅಂತ ರೈಲುಗಳು ಕಾಯೋದು ತಪ್ಪಿದೆ. ಆದರೆ ಕ್ಯಾಮೆರಾ ಇಟ್ಟವನ ಪಾಡು ಯಾರಿಗೂ ಬೇಡ. ಅದರ ಮೇಲೆ ಕರೆಂಟಿನ ಕಂಬಗಳು. ಎಲ್ಲಿ ನಿಂತರೂ ಎಂಜಿನ್ ಮೂತಿಗೇ ಒಂದು ಕಂಬ. ಗೂಡ್ಸ್ ದಾಟುವಷ್ಟರಲ್ಲಿ ಆ ಕಡೆ ಕೊನೇ ಬೋಗಿಯ ಎಕ್ಸ್ ಗುರುತು. ಆ ಗುರುತು ಮಾತ್ರ ಏನು ಕ್ಲಿಯರ್ ಬಂದಿದೆ ಅಂತೀರಿ!

ಹಾಗಾಗಿ ಈಗ ಸ್ಕ್ರೀನ್ ಮೇಲಿರೋದು ನನ್ನ ಹಳೇ ಕ್ಲಿಪ್. ಕ್ಯಾಬ್ ಕಡೆಯಿಂದ ನೋಡಿ, ಗತ್ತು ಇದೆ ಅಲ್ವಾ? ಅದೇ ಎಂಜಿನ್ ತಿರುಗಿಸಿ ಜೋಡಿಸಿದರೆ ಲಾಂಗ್ ಹುಡ್, ಅಂದರೆ ಯಂತ್ರ ಇರೋ ಉದ್ದನೆ ಭಾಗ, ಮುಂದೆ. ಇಡೀ ಯಂತ್ರ ಎದುರಿಗೆ, ಚಾಲಕರು ಕೊನೇ ತುದಿಯಲ್ಲಿ. ಪಕ್ಕದ ಕಿಟಕಿಯಿಂದ ಕತ್ತು ಚಾಚಿ ಸಿಗ್ನಲ್ ನೋಡಬೇಕು. ಆ ಕಷ್ಟಕ್ಕೇ ಆಚೆ ತುದಿಗೂ ಒಂದು ಕ್ಯಾಬ್ ಇಟ್ಟು ಡಬ್ಲ್ಯುಡಿಪಿ-4ಡಿ ಮಾಡಿದ್ದು. 4,500 ಹಾರ್ಸ್‌ಪವರ್. ಕೆಲಸಕ್ಕೆ ಒಳ್ಳೇದು, ಒಪ್ಪುತ್ತೇನೆ. ಆ ಎರಡನೇ ಕ್ಯಾಬ್ ನೋಡಿ ಕಾಕಾ ಅಂದರು, "ಬಟ್ಟಿ ಕಮ್ಮಿ ಬಿತ್ತಂತ ತುಂಡ್ ಹಚ್ಚಿ ಹೊಲದಂಗ ಐತಿ." ಇದಕ್ಕಿಂತ ಚೆನ್ನಾಗಿ ಬೈಯೋಕೆ ನನ್ನ ಕೈಲಿ ಆಗಲ್ಲ.

ಆದರೂ ಚಾಲಕರಿಗೆ ಹಳಿ ಕಾಣುತ್ತದಲ್ಲ. ಹಾಗೆ ನೋಡಿದರೆ 4ಡಿಗೇ ಓಟು ಹಾಕಬೇಕೇನೋ. ಇಲ್ಲ, ಹಾಕಲ್ಲ. ನಾವು ಮಾತಾಡ್ತಿರೋದು ಅಂದದ ಬಗ್ಗೆ.

ಬ್ಯಾಟರಿ ಕೆಂಪು ತೋರಿಸುತ್ತಿದೆ, ಕಾಕಾ ಅಂಗಡಿ ತೆಗೆಯಬೇಕಂತೆ. ಕಾಮೆಂಟಲ್ಲಿ ಬೈಯೋರು ಫೋಟೋ ಸಮೇತ ಬೈಯಿರಿ, ಅದೂ ಲಾಂಗ್ ಹುಡ್ ಕಡೆಯಿಂದ ತೆಗೆದ ಫೋಟೋ ಮಾತ್ರ. ಆಲ್ಕೋದವರು ಹೊಗೆ ಇಲ್ಲದ ಫೋಟೋ ಹಾಕಿ ನೋಡೋಣ.