ಸ್ವಲ್ಪ ಇಳಿದ ಗಾಂಧಾರ

ಕೇಳುಗರೆಲ್ಲರಿಗೂ ನಮಸ್ಕಾರ.

ನವೆಂಬರ್ 22 ಬಂತು ಅಂದ್ರೆ ನನಗೆ ತುಮಕೂರಿನ ಒಂದು ಕಾನ್ವೆಂಟ್ ಶಾಲೆಯ ಹಿಂದಿನ ಕೋಣೆ ನೆನಪಾಗುತ್ತದೆ. ಆವತ್ತು ಸಂತ ಸಿಸಿಲಿಯಾಳ ಹಬ್ಬ. ಸಂಗೀತಗಾರರನ್ನು ಕಾಯುವ ಸಂತಳು ಅಂತ ಕ್ಯಾಥೊಲಿಕರು ಆಕೆಯನ್ನು ನಂಬುತ್ತಾರೆ. ಆ ದಿನ ನಮ್ಮ ಮ್ಯೂಸಿಕ್ ಸಿಸ್ಟರ್ ಪಾಠ ಮಾಡುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಪೆಪ್ಪರಮಿಂಟು ಕೊಟ್ಟು, "ಇವತ್ತು ನೀವು ಹಾಡಿ, ನಾನು ಕೇಳ್ತೇನೆ" ಅಂತ ಬೆಂಚಿನ ಮೇಲೆ ಕೂರುತ್ತಿದ್ದರು.

ಅವರ ಹೆಸರನ್ನು ನಾನು ಹೇಳುವುದಿಲ್ಲ. ರೇಡಿಯೊದಲ್ಲಿ ಹೆಸರು ಬರುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಮಗೆ ಅವರು ಮ್ಯೂಸಿಕ್ ಸಿಸ್ಟರ್, ಅಷ್ಟೇ.

ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಮಕ್ಕಳೆಲ್ಲ ಹೂವು ತಗೊಂಡು ಚರ್ಚಿಗೆ ಹೋಗಿ ಹಾಡುತ್ತಿದ್ದುದನ್ನು, ಮನೆಗೆ ಬಂದು ಹೊಸ ಅಕ್ಕಿಯ ಊಟ ಮಾಡುತ್ತಿದ್ದುದನ್ನು ಎಷ್ಟು ಸಲ ಹೇಳಿದರೂ ಅವರಿಗೆ ಸಾಕಾಗುತ್ತಿರಲಿಲ್ಲ. 19 ವರ್ಷಕ್ಕೆ ಮಠ ಸೇರಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆ, ಈ ಮೂರು ವ್ರತ ತೊಟ್ಟರು. ಬಡತನ ಅಂದರೆ ಅವರ ವಿಷಯದಲ್ಲಿ ಏನು ಗೊತ್ತಾ? ಸಂಬಳವೆಲ್ಲ ಮಠಕ್ಕೆ. ಬೆಳಿಗ್ಗೆಯಿಂದ ಸಂಜೆವರೆಗೆ ಸಂಗೀತ ಕಲಿಸಿದ ಆ ಹೆಂಗಸಿಗೆ ಸ್ವಂತದ್ದು ಅಂತ ಒಂದು ಹಾರ್ಮೋನಿಯಂ ಇರಲಿಲ್ಲ. ಜೀವಮಾನವಿಡೀ ಇರಲಿಲ್ಲ.

ಮೊದಮೊದಲು ಅವರ ಕನ್ನಡ ಕೇಳಿ ನಾವು ನಗುತ್ತಿದ್ದೆವು. "ಎಂತ ಮಾರಾಯ್ತಿ, ಬಾಯಿ ತೆರೆಯುವುದಿಲ್ಲವಾ?" ಅಂದರೆ ಇಡೀ ಕ್ಲಾಸು ಕಿಸಕ್ಕನೆ ನಗುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ನಾವೇ "ಎಂತ" ಅನ್ನುತ್ತಿದ್ದೆವು, ಅವರು "ಏನ್ರೇ" ಅನ್ನುತ್ತಿದ್ದರು.

ಅವರ ಪಾಠ ಹಾಡಿನಿಂದ ಶುರುವಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಎರಡು ನಿಮಿಷ ಸುಮ್ನೆ ಕೂರಬೇಕು. ಆಮೇಲೆ ಏನೇನು ಕೇಳಿಸಿತು ಹೇಳಬೇಕು. ಸ್ಟೇಷನ್ ಕಡೆಯಿಂದ ರೈಲಿನ ಸಿಳ್ಳೆ. ಬೀದಿಯಲ್ಲಿ ಸೊಪ್ಪಿನವಳ ಕೂಗು. ದೂರದ ತಮಟೆ. ಮಧ್ಯಾಹ್ನದ ಆಜಾನ್. ಅಡುಗೆಮನೆಯಲ್ಲಿ ಯಾರೋ ತಟ್ಟೆ ಬೀಳಿಸಿದ್ದು. ಯಾವುದು ಮೇಲಿನ ಸ್ವರ, ಯಾವುದು ಕೆಳಗಿನದು ಅಂತ ಆಮೇಲೆ ಕೇಳುತ್ತಿದ್ದರು. ನನ್ನ ಗಂಟಲು ಆಗ ಶ್ರುತಿಗೆ ಸೇರುತ್ತಿರಲಿಲ್ಲ. ಬೇರೆ ಕಡೆ ನನ್ನನ್ನು "ನೀನು ಬಾಯಿ ಆಡಿಸು ಸಾಕು" ಅಂತ ಹಿಂದಿನ ಸಾಲಿಗೆ ಕಳಿಸಿದ್ದರು. ಇವರು ಮುಂದಿನ ಸಾಲಿನಲ್ಲೇ ಕೂರಿಸಿದರು. "ನಿನಗೆ ಕೇಳಿಸ್ತದೆ. ಕೇಳಿಸಿದವಳಿಗೆ ಹಾಡು ಬಂದೇ ಬರ್ತದೆ" ಅಂದರು. ಎಂಟು ತಿಂಗಳು ಹಿಡಿಯಿತು. ಬಂತು.

ಸ್ವರಗಳನ್ನು ಕೈಯಲ್ಲಿ ತೋರಿಸುತ್ತಿದ್ದರು. ಮುಷ್ಟಿ ಹಿಡಿದರೆ 'ದೋ', ಅಂದರೆ ನಮ್ಮ ಸ. ಅಂಗೈ ಕೆಳಗೆ ಮಾಡಿ ಚಪ್ಪಟೆಯಾಗಿ ಚಾಚಿದರೆ 'ಮಿ', ನಮ್ಮ ಗ. ಅಂಗೈಯನ್ನು ತಮ್ಮ ಕಡೆ ತಿರುಗಿಸಿದರೆ 'ಸೋಲ್', ನಮ್ಮ ಪ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಎಂಬ ಪಾದ್ರಿ ಬಳಕೆಗೆ ತಂದ ಪದ್ಧತಿ ಇದು. ದೋ ರೇ ಮಿ ಅನ್ನುವ ಹೆಸರುಗಳ ಮೂಲ ಇನ್ನೂ ಹಳೆಯದು. ಸುಮಾರು 1000 ವರ್ಷದ ಹಿಂದೆ ಇಟಲಿಯ ಗ್ವಿದೋ ಎಂಬ ಸಂನ್ಯಾಸಿ ಒಂದು ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳಿಂದ ಅವನ್ನು ಆರಿಸಿದ, 'ದೋ'ಗೆ ಮಾತ್ರ ಆಗ 'ಉತ್' ಅಂತ ಹೆಸರಿತ್ತು. ಹುಡುಗರಿಗೆ ಹಾಡು ಬೇಗ ಬರಲಿ ಅನ್ನುವುದೊಂದೇ ಅವನ ಕಾಳಜಿ. ಮಾತಾಡದೆ ಬರೀ ಕೈ ಆಡಿಸುತ್ತಾ ಸಿಸ್ಟರ್ 40 ಹುಡುಗಿಯರಿಂದ ಒಂದು ಇಡೀ ಹಾಡು ಹಾಡಿಸುತ್ತಿದ್ದರು.

ಇನ್ನು ಆ ಕೋಣೆಯ ಹಾರ್ಮೋನಿಯಂ ವಿಷಯ. ಕಾಲಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ ಅದು. ಪ್ಯಾರಿಸಿನಲ್ಲಿ 1840ರ ದಶಕದಲ್ಲಿ ಹುಟ್ಟಿದ ವಾದ್ಯ, ಮಿಷನರಿಗಳ ಜೊತೆ ನಮ್ಮ ದೇಶಕ್ಕೆ ಬಂತು. ಚರ್ಚಿನಿಂದ ಅದು ನೇರ ನಾಟಕದ ರಂಗಕ್ಕೆ ಇಳಿಯಿತು ನೋಡಿ! ನಮ್ಮ ಜಿಲ್ಲೆಯ ಗುಬ್ಬಿಯಲ್ಲೇ 1884ರಲ್ಲಿ ಶುರುವಾದ ನಾಟಕ ಕಂಪನಿ ಇತ್ತಲ್ವಾ, ಅಂಥ ಕಂಪನಿ ನಾಟಕಗಳಿಗೆಲ್ಲ ಲೆಗ್ ಹಾರ್ಮೋನಿಯಮ್ಮೇ ಜೀವ. ನಮ್ಮಪ್ಪ ಗುಬ್ಬಿ ಕಡೆಯ ಹಳ್ಳಿಯವರು, ಡ್ರಾಮಾ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಊರೂರಿಗೆ ಹೋಗಿ ರೈತರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಭೀಮನಿಗೂ ದ್ರೌಪದಿಗೂ ಕಂದ, ಹಾಡು ಹೇಳಿಕೊಡುತ್ತಾ ರಾತ್ರಿಯೆಲ್ಲ ಪೆಟ್ಟಿಗೆ ತುಳಿಯುತ್ತಿದ್ದರು.

ಒಂದು ದಿನ ಸಿಸ್ಟರ ಹಾರ್ಮೋನಿಯಂನಲ್ಲಿ ಒಂದು ಸ್ವರ ಮೂಕವಾಯಿತು. ನಾನು ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ವಾದ್ಯಕ್ಕೆ ಕೈಮುಗಿದು, ತಿರುಪು ಬಿಚ್ಚಿದರು. "ಏನ್ ಸಿಸ್ಟ್ರಮ್ಮ, ಹೊಟ್ಟೆ ತುಂಬಾ ಧೂಳೈತೆ" ಅಂದರು. ಹಿತ್ತಾಳೆಯ ರೀಡಿನ ಕೆಳಗೆ ಹಳೇ ಪೋಸ್ಟ್ ಕಾರ್ಡಿನ ಅಂಚನ್ನು ಮೆಲ್ಲಗೆ ತೂರಿಸಿದರು. ಸಾಸಿವೆಗಿಂತ ಸಣ್ಣ ಕಸ ಹೊರಗೆ ಬಂತು. ಸ್ವರ ನುಡಿಯಿತು.

ಅಪ್ಪ ಅಲ್ಲಿಗೇ ನಿಲ್ಲಿಸಲಿಲ್ಲ. "ಮಕ್ಕಳಿಗೆ ಸ ಯಾವುದು ಸಿಸ್ಟ್ರಮ್ಮ?" ಅಂತ ಕೇಳಿದರು. ಅವರು ತೋರಿಸಿದರು. ಕೆಟ್ಟಿದ್ದ ಸ್ವರ ಆ ಶ್ರುತಿಗೆ ಗಾಂಧಾರ, ಅಂದರೆ ಗ. ಅಪ್ಪ ಸ, ಪ ಎರಡನ್ನೂ ಒತ್ತಿ ಹಿಡಿದು ಜೊತೆಗೆ ಗ ನುಡಿಸಿದರು. ಮೂರೂ ಸೇರಿದಾಗ ದನಿಯಲ್ಲಿ ಒಂದು ಸಣ್ಣ ಅಲುಗಾಟ ಇತ್ತು. ರೀಡಿನ ಬುಡದ ಹತ್ತಿರ ಅರದಿಂದ ಒಂದೆರಡು ಗೀರು ಕೆರೆದು ಮತ್ತೆ ನುಡಿಸಿದರು. ಮತ್ತೆ ಕೆರೆದರು. ಅಲುಗಾಟ ನಿಂತಿತು.

ಸಿಸ್ಟರ್ ತಕ್ಷಣ ತಲೆ ಎತ್ತಿದರು. "ಮಾಸ್ಟ್ರೇ, ಇದು ಸ್ವಲ್ಪ ಕೆಳಗೆ ಹೋಯ್ತಲ್ಲ?"

"ಕೆಳಕ್ಕೋಗ್ಲಿಲ್ಲ ಸಿಸ್ಟ್ರಮ್ಮ. ಮನೆಗ್ ಬಂತು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಕೀಯಿಂದ ಶುರು ಮಾಡಿದರೂ ಹಾಡು ಬರಲಿ ಅಂತ ಪಶ್ಚಿಮದ ವಾದ್ಯಗಳಲ್ಲಿ ಸಪ್ತಕವನ್ನು 12 ಸಮಪಾಲು ಮಾಡುತ್ತಾರೆ. ಹಾಗೆ ಮಾಡಿದಾಗ ಗಾಂಧಾರ ತನ್ನ ಸಹಜ ಜಾಗಕ್ಕಿಂತ ಕೊಂಚ ಮೇಲೆ ಕೂರುತ್ತದೆ. ಒಂದು ಪಾಲಿನ ಏಳನೇ ಒಂದು ಭಾಗದಷ್ಟು. ತಂಬೂರಿಗೆ ಪಳಗಿದ ಕಿವಿಗೆ ಅದು ಚುಚ್ಚುತ್ತದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ಸ್ವರದಿಂದ ಸ್ವರಕ್ಕೆ ಜಾರಿಸುವ ಗಮಕ ಅದರಲ್ಲಿ ನುಡಿಸಲು ಬರುವುದಿಲ್ಲ ಅನ್ನುವುದು ಇನ್ನೊಂದು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಅಷ್ಟು ವರ್ಷ ನಮ್ಮಪ್ಪನಂಥವರ ವಾದ್ಯಕ್ಕೆ ಬಾನುಲಿಯ ಬಾಗಿಲು ಮುಚ್ಚಿತ್ತು. ಅಪ್ಪನಿಗೆ ಅದರ ನೋವಿತ್ತು. ಇವತ್ತು ಇದೇ ಬಾನುಲಿಯಲ್ಲಿ ಅವರ ಮಾತು ಹೇಳುತ್ತಿದ್ದೇನೆ, ನನ್ನ ಗಂಟಲು ಸ್ವಲ್ಪ ಕಟ್ಟುತ್ತಿದೆ, ಕ್ಷಮಿಸಿ.

ಆ ನೋವನ್ನು ಅಪ್ಪ ಅವತ್ತು ಹೇಳಿಕೊಂಡಾಗ ಸಿಸ್ಟರ್ ಒಂದು ಕತೆ ಹೇಳಿದರು. ಜರ್ಮನಿಯ ಹಿಲ್ಡೆಗಾರ್ಡ್ ಎಂಬ ಸಂನ್ಯಾಸಿನಿಯದು. ಹುಟ್ಟಿದ್ದು 1098ರಲ್ಲಿ. 70ಕ್ಕೂ ಹೆಚ್ಚು ಹಾಡು ಕಟ್ಟಿ ತನ್ನ ಮಠದ ಹೆಂಗಸರಿಂದ ಹಾಡಿಸಿದಾಕೆ. ಧರ್ಮದಿಂದ ಬಹಿಷ್ಕಾರ ಆಗಿದ್ದವನೊಬ್ಬನ ಹೆಣವನ್ನು ತಮ್ಮ ಮಠದಲ್ಲಿ ಹೂಳಿದರು ಅಂತ, ಆಕೆಗೆ 80 ವರ್ಷವಾದಾಗ ಮೇಲಿನವರು ಮಠದಲ್ಲಿ ಹಾಡುವುದನ್ನೇ ನಿಲ್ಲಿಸಿದರು. ಆ ಮನುಷ್ಯ ಸಾಯುವ ಮೊದಲು ತಪ್ಪೊಪ್ಪಿ ಚರ್ಚಿಗೆ ಮರಳಿದ್ದ ಅನ್ನುವುದು ಆಕೆಯ ವಾದ. ಹೆಣ ತೆಗೆಯಲು ಒಪ್ಪಲಿಲ್ಲ. ದೇವರ ಹಾಡು ನಿಲ್ಲಿಸುವವರು ಯೋಚನೆ ಮಾಡಲಿ ಅಂತ ಗಟ್ಟಿಯಾಗಿ ಕಾಗದ ಬರೆದಳು. 1179ರಲ್ಲಿ, ಸಾಯುವುದಕ್ಕೆ ಕೆಲವು ತಿಂಗಳ ಮುಂಚೆ, ಮಠದಲ್ಲಿ ಮತ್ತೆ ಹಾಡು ಕೇಳಿತು. ಅಪ್ಪ ಬಾಯಿ ತೆರೆದು ಕೇಳುತ್ತಿದ್ದರು. ಕೊನೆಗೆ, "ಗಟ್ಟಿಗಿತ್ತಿ" ಅಂದರು.

ಆ ಗಾಂಧಾರವನ್ನು ಸಿಸ್ಟರ್ ಮತ್ತೆ ಮೇಲಕ್ಕೆ ಏರಿಸಲಿಲ್ಲ. ಹಾಗೆ ಬಿಟ್ಟರೆ ಬೇರೆ ಶ್ರುತಿಯಲ್ಲಿ ನುಡಿಸಿದಾಗ ಆ ಕೀ ಕಿರಿಕಿರಿ ಮಾಡುತ್ತದೆ. ಅದಕ್ಕೆ ಅವರು ಮಾಡಿದ್ದೇನು ಅಂದರೆ, ಪ್ರಾರ್ಥನಾ ಮಂದಿರದ ಹಾಡುಗಳನ್ನೆಲ್ಲ ಒಂದೊಂದಾಗಿ ಆ ಒಂದು ಶ್ರುತಿಗೆ ಇಳಿಸಿ, ನೋಟ್ ಬುಕ್ಕಿನಲ್ಲಿ ಮತ್ತೆ ಬರೆದರು. ಅವರು ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. 1963ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ಆಯಾ ಜನರ ಭಾಷೆಗೆ ದಾರಿ ಬಿಟ್ಟಿತು, ಅವರವರ ಸಂಗೀತಕ್ಕೂ ಜಾಗ ಕೊಡಿ ಅಂದಿತು. ಆ ಮಾತನ್ನು ನಮ್ಮ ಸಿಸ್ಟರ್ ಒಂದು ಸ್ವರದ ಮಟ್ಟಿಗೆ ಇಳಿಸಿಕೊಂಡು ಪಾಲಿಸಿದರು ಅಂತ ನನಗೆ ಈಗ ಅನ್ನಿಸುತ್ತದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಿಸ್ಟರಿಗೆ ವರ್ಗದ ಕಾಗದ ಬಂತು. ವಿಧೇಯತೆಯ ವ್ರತ, ಯಾಕೆ ಅಂತ ಕೇಳುವ ಹಾಗಿಲ್ಲ. ಒಂದು ಟ್ರಂಕು ಹಿಡಿದು ಬಸ್ ಹತ್ತಿದರು. ಹಾಡಿನ ನೋಟ್ ಬುಕ್ ಕೂಡ ಹಾರ್ಮೋನಿಯಂ ಮೇಲೇ ಇಟ್ಟು ಹೋದರು.

ಅಪ್ಪ ಈಗಿಲ್ಲ. ಕೆಲವು ವರ್ಷದ ಹಿಂದೆ ಆ ಶಾಲೆಗೆ ಹೋಗಿದ್ದೆ. ಸಂಗೀತದ ಕೋಣೆಯಲ್ಲಿ ಎಲೆಕ್ಟ್ರಿಕ್ ಕೀಬೋರ್ಡ್ ಇತ್ತು. ಹಳೇ ಪೆಟ್ಟಿಗೆ ಸ್ಟೋರ್ ರೂಮಿನಲ್ಲಿ ಹರಿದ ಭೂಪಟಗಳ ಕೆಳಗೆ ಇತ್ತು. ತುಳಿದೆ. ತಿದಿ ಅರ್ಧಂಬರ್ಧ ಗಾಳಿ ಹಿಡಿಯಿತು. ಸ, ಗ, ಪ ಒಟ್ಟಿಗೆ ಒತ್ತಿದೆ. ಅಲುಗಾಟ ಇರಲಿಲ್ಲ.

ಆಮೇಲೆ ಮಂಗಳೂರಿಗೆ ಹೋದೆ. ವಯಸ್ಸಾದ ಸಿಸ್ಟರುಗಳು ಇರುವ ಮನೆಯಲ್ಲಿ ನಮ್ಮ ಸಿಸ್ಟರ್ ಕಿಟಕಿ ಪಕ್ಕ ಕೂತಿದ್ದರು. ಕಿವಿ ಪೂರ್ತಿ ಹೋಗಿತ್ತು. ಯಾರು ಅಂತ ಗುರುತು ಸಿಗಲಿಲ್ಲ. ಹೆಸರು ಕೂಗಿ ಹೇಳಿದೆ, ಊರು ಹೇಳಿದೆ, ಕೇಳಿಸಲಿಲ್ಲ. ಕೊನೆಗೆ ಅವರ ಮುಂದೆ ಮುಷ್ಟಿ ಹಿಡಿದೆ. ಸ. ಅಂಗೈ ಚಪ್ಪಟೆ ಮಾಡಿದೆ. ಗ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಕೈ ಚಾಚಿ, ಎರಡೇ ಬೆರಳಲ್ಲಿ ನನ್ನ ಅಂಗೈಯನ್ನು ಒಂದು ಎಳೆಯಷ್ಟು ಕೆಳಗೆ ಒತ್ತಿದರು.

"ಮಾಸ್ಟ್ರು ಹೇಗಿದ್ದಾರೆ?" ಅಂದರು.