ಮಾರ್ಸೆಲ್ಲಾ ಕೇಳಿದ ಪ್ರಶ್ನೆಗಳು

ಕೇಳುಗರಿಗೆ ನಮಸ್ಕಾರ. ಶಾಸ್ತ್ರ ಕಲಿತ, ಪ್ರಶ್ನೆ ಕೇಳಿದ ಹಳೇ ಕಾಲದ ಹೆಂಗಸರ ಬಗ್ಗೆ ಇವತ್ತಿನ ಮಾತು.

ಲೂಕನ ಸುವಾರ್ತೆಯ 10ನೇ ಅಧ್ಯಾಯದ ಅಕ್ಕತಂಗಿಯರ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಮನೆಗೆ ಯೇಸು ಬಂದಿದ್ದಾರೆ, ಮಾರ್ಥಾ ಉಪಚಾರದ ಗಡಿಬಿಡಿಯಲ್ಲಿದ್ದಾಳೆ, ತಂಗಿ ಮರಿಯಾ ಮಾತ್ರ ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ. ಇದನ್ನು ಭಕ್ತಿಯ ಚಿತ್ರ ಅಂತ ನೋಡುವವರೇ ಜಾಸ್ತಿ. ಆದರೆ ಆ ಕಾಲದ ಯೆಹೂದ್ಯರಲ್ಲಿ ಗುರುವಿನ ಪಾದದ ಬಳಿ ಕೂರುತ್ತಿದ್ದವರು ಶಿಷ್ಯರು. ಗುರು ಗಮಲಿಯೇಲನ ಹತ್ತಿರ ಕಲಿತದ್ದನ್ನು ಯೇಸುವಿನ ಸಂದೇಶ ಸಾರಿದ ಪೌಲನೂ ಹೀಗೇ ಹೇಳಿಕೊಳ್ಳುತ್ತಾನೆ. ಮರಿಯಾ ಪಾಠಕ್ಕೆ ಕೂತಿದ್ದಳು. ಎದ್ದು ಹೋಗಿ ಅಕ್ಕನಿಗೆ ಕೈಜೋಡಿಸು ಅಂತ ಯೇಸು ಹೇಳಲಿಲ್ಲ.

ಹೆಣ್ಣುಮಕ್ಕಳಿಗೆ ಶಾಸ್ತ್ರ ಕಲಿಸಬೇಕೇ ಎಂಬ ವಿಷಯಕ್ಕೆ ಯೆಹೂದ್ಯ ಗುರುಗಳಲ್ಲಿ ವಾದವೇ ನಡೆದಿತ್ತು. ಮಗಳಿಗೂ ತೋರಾ, ಅಂದರೆ ಧರ್ಮಶಾಸ್ತ್ರ, ಕಲಿಸಬೇಕು ಅಂತ ಆ ಗುರುಗಳ ಮಾತುಗಳ ಸಂಗ್ರಹವಾದ ಮಿಷ್ನಾದಲ್ಲಿ ಬೆನ್ ಅಝ್ಝಾಯ್ ಹೇಳಿದರೆ, ಕೂಡದು ಅಂತ ರಬ್ಬಿ ಎಲಿಯೇಜರ್ ಕಡ್ಡಿ ಮುರಿದಂತೆ ಹೇಳುತ್ತಾನೆ. ಆದರೂ ಆ ಚರ್ಚೆಗಳನ್ನು ಮುಂದುವರಿಸುವ ತಾಲ್ಮೂದ್ ಗ್ರಂಥದಲ್ಲಿ ರಬ್ಬಿ ಮೇಯಿರ್‌ನ ಹೆಂಡತಿ ಬೆರೂರಿಯಾ ಸಿಗುತ್ತಾಳೆ. ಒಬ್ಬ ವಿದ್ಯಾರ್ಥಿ ಬಾಯೊಳಗೇ ಗೊಣಗಿಕೊಂಡು ಓದುತ್ತಿದ್ದಾಗ ಈಕೆ ಅವನನ್ನು ಕಾಲಲ್ಲಿ ಒದ್ದು, ಮೈಯ 248 ಅಂಗಗಳಿಗೂ ಪಾಠ ಇಳಿದರೆ ಮಾತ್ರ ಅದು ಉಳಿಯುತ್ತದೆ ಅಂತ ಶಾಸ್ತ್ರದ ಮಾತನ್ನೇ ಹಿಡಿದು ಗದರಿಸುತ್ತಾಳೆ. ನನಗೆ ಬಹಳ ಇಷ್ಟದ ಹೆಂಗಸು.

ಇನ್ನು ರೋಮ್. ಕ್ರಿ.ಶ. 382ರಲ್ಲಿ ಬೈಬಲ್ ಪಂಡಿತ ಜೆರೋಮ್ ಅಲ್ಲಿಗೆ ಬರುವ ಮೊದಲೇ, ಅವೆಂಟೈನ್ ಗುಡ್ಡದ ಮೇಲಿನ ಮನೆಯಲ್ಲಿ ಮಾರ್ಸೆಲ್ಲಾ ಎಂಬ ಸಿರಿವಂತ ಮನೆತನದ ವಿಧವೆಯ ಸುತ್ತ ಗೆಳತಿಯರ ಗುಂಪೊಂದು ಸೇರಿತ್ತು. ಜೆರೋಮ್ ಸಿಕ್ಕಾಗಲೆಲ್ಲ ಆಕೆ ಬೈಬಲ್ಲಿನ ಬಗ್ಗೆ ಏನಾದರೊಂದು ಕೇಳುತ್ತಿದ್ದಳು, ಕೊಟ್ಟ ಉತ್ತರವನ್ನು ಸುಮ್ನೆ ಒಪ್ಪುತ್ತಲೂ ಇರಲಿಲ್ಲ. ಆಮೆನ್, ಹಲ್ಲೆಲೂಯಾ ಇವೆಲ್ಲ ಹೀಬ್ರೂವಿನಲ್ಲಿದ್ದಂತೆ ಯಾಕೆ ಉಳಿದಿವೆ ಅಂತಲೂ ಕೇಳಿದ್ದಳು. ನಮ್ಮ ಕನ್ನಡ ಚರ್ಚುಗಳಲ್ಲೂ ಅವು ಹಾಗೇ ಇವೆ, ಅಲ್ವಾ? ಗೆಳತಿ ಪೌಲಾ ಅಂತೂ ಹೀಬ್ರೂ ಕಲಿತು, ಲ್ಯಾಟಿನ್ ಉಚ್ಚಾರಣೆಯ ಸೋಂಕಿಲ್ಲದೆ ಕೀರ್ತನೆಗಳನ್ನು ಹಾಡುತ್ತಿದ್ದಳಂತೆ.

385ರಲ್ಲಿ ಜೆರೋಮ್ ರೋಮ್ ಬಿಟ್ಟ. ಆಮೇಲೆ ಶಾಸ್ತ್ರದ ಬಗ್ಗೆ ವಾದ ಎದ್ದಾಗ ಜನ ಮಾರ್ಸೆಲ್ಲಾ ಹತ್ತಿರ ಹೋಗುತ್ತಿದ್ದರು, ಅವರಲ್ಲಿ ಪಾದ್ರಿಗಳೂ ಇದ್ದರು. ಆಕೆ ಉತ್ತರ ಕೊಡುತ್ತಿದ್ದಳು, ಆದರೆ ತನ್ನದೇ ವಿಚಾರವನ್ನೂ ಇದು ಜೆರೋಮ್‌ನದು, ಇಲ್ಲವೇ ಇನ್ಯಾರದೋ ಅನ್ನುತ್ತಿದ್ದಳು. ಹೆಂಗಸು ಉಪದೇಶ ಮಾಡಕೂಡದು ಎಂಬ ಮಾತಿತ್ತಲ್ಲ, ಕೇಳಲು ಬಂದ ಗಂಡಸರಿಗೆ ಮುಜುಗರ ಆಗಬಾರದು ಅಂತ. ಆಕೆ ಸತ್ತ ಮೇಲೆ ಜೆರೋಮ್‌ನೇ ಇದನ್ನು ಬರೆದಿಟ್ಟ, ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವನು ಮಾರ್ಸೆಲ್ಲಾಗೆ ಬರೆದ ಹಲವು ಪತ್ರಗಳು ಉಳಿದಿವೆ, ಆಕೆ ಅವನಿಗೆ ಬರೆದವು ಉಳಿದಿಲ್ಲ. ಜೆರೋಮ್ ಬರೆದ ಆ ಪತ್ರಗಳು ನಿಮ್ಮ ಕೈಗೆ ಸಿಕ್ಕರೆ, ಉತ್ತರದ ಜೊತೆಗೆ ಆಕೆಯ ಪ್ರಶ್ನೆಯನ್ನೂ ಹುಡುಕಿಕೊಂಡು ಓದಿ. ನಮಸ್ಕಾರ.